ಸ್ಪೆಸಿನಾ ಬರೆದ ಚೀಟಿ

ಕೆಮ್ಮುತ್ತಿದ್ದಾನೆ, ಬಾಗಿಲಾಚೆ, ಇವತ್ತೂ ಬಂದಿದ್ದಾನೆ ದೊನಾತುಲ, ಕೆಮ್ಮಲಿ, ಕರುಳು ಕಿತ್ತು ಬರುವಷ್ಟು ಕೆಮ್ಮಲಿ — ಮೈಗೆ ಪಶ್ಚಾತ್ತಾಪದ ಗೋಣಿ ಸುತ್ತಿಕೊಂಡು, ನಮ್ಮ ಸಭೆಗೆ ಬರುವವರ ಕಾಲೆಲ್ಲ ಹಿಡಿಯುತ್ತಾನೆ, ನನ್ನನ್ನ ಮತ್ತೆ ಸೇರಿಸ್ಕೊಳ್ರಪ್ಪಾ ಅಂತ, ಉಗುರುಸಂದಿಯಲ್ಲಿ ಇನ್ನೂ ಬಣ್ಣಗಾರನ ನೀಲಿ, ಆ ಬೆರಳಿನಲ್ಲೇ ತಾನೆ ಕ್ರಿಸ್ತನನ್ನು ಬಿಟ್ಟು ಚಕ್ರವರ್ತಿಯ ದೇವರಿಗೆ ಚಿಟಿಕೆ ಧೂಪ ಹಾಕಿ ಜೀವ ಉಳಿಸಿಕೊಂಡದ್ದು, ಆ ಬೆರಳಿನಲ್ಲೇ ನಮ್ಮ ಮನೆ ತೋರಿಸಿದ್ದು, ಇಲ್ಲೂ ಒಬ್ಳಿದಾಳೆ ಸ್ವಾಮಿ, ಕ್ರಿಸ್ತನೋಳು. ನಾನು ಬಾವಿಗೆ ಹೋಗಿದ್ದೆ. ನನ್ನ ತಂಗಿ ಸ್ಪೆಸಿನಾಳನ್ನು ಹಿಟ್ಟಿನ ಕೈಯಲ್ಲೇ ಎಳೆದೊಯ್ದರು, ಒಂದು ಚಿಟಿಕೆ ಹಾಕಿ ಮನೆಗೆ ಹೋಗಮ್ಮಾ, ನಿನ್ನ ದೇವ್ರೇನು ನೋಡ್ತಾ ಕೂತಿರ್ತಾನಾ, ಅಂದನಂತೆ ಅಧಿಕಾರಿ — ಕೂತಿರ್ತಾನೆ, ಅಂದಳಂತೆ, ಅಷ್ಟೇ. ಕತ್ತಿಯಲ್ಲ, ಸಿಂಹವಲ್ಲ, ದಿನಕ್ಕೊಂದೇ ಗುಟುಕು ನೀರು ಕೊಟ್ಟು ಬಾಯಾರಿಸಿ ಕೊಂದರು, ಅಂಜೂರ ಹಣ್ಣಾಗುವ ಆ ಬಿಸಿಲಲ್ಲಿ ಕಾರ್ಥೇಜಿನ ಸೆರೆಮನೆ ಒಲೆಯಂತೆ ಕಾಯುತ್ತದೆ, ನಾನು ಒಯ್ದ ನೀರನ್ನು ಕಾವಲಿನವನು ನಾಯಿಗೆ ಹೊಯ್ದ, ಅದಕ್ಕೂ ಬಾಯಾರತ್ತಲ್ಲಕ್ಕಾ, ನಕ್ಕ. ಒಂಬತ್ತನೆಯ ದಿನ ಕಿಂಡಿಯಿಂದ ಈ ಚೀಟಿ ತುರುಕಿದಳು, ತುಟಿ ಒಡೆದು ಹೋಗಿತ್ತು, ಅಕ್ಕಾ, ಸಭೆಯ ಹಿರಿಯರಿಗೆ ಕೊಡು, ಮರೀಬೇಡ ಕಣೇ. ಹನ್ನೊಂದನೆಯ ದಿನ ಹೆಣ ಕೊಟ್ಟರು, ಕೂಸಿನಷ್ಟು ಹಗುರ. ಚೀಟಿ ಬಿಚ್ಚಿ ಓದಿದೆ, ಅಕ್ಕನಿಗೆ ಒಂದು ಮಾತಿಲ್ಲ, ಇರುವ ಎರಡು ಸಾಲೂ ಆ ದೊನಾತುಲನಿಗೆ, ಕ್ಷಮೆಯಂತೆ, ಯಾರಿಗೆ ಬಾಯಾರಿಕೆ, ಯಾರಿಗೆ ಕ್ಷಮೆ — ಕ್ರಿಸ್ತನಿಗಾಗಿ ಸೆರೆಯಲ್ಲಿ ಸತ್ತವರ ಮಾತಿಗೆ ಸಭೆಯಲ್ಲಿ ಎದುರಿಲ್ಲ, ಈ ಚೀಟಿ ಹಿರಿಯರಿಗೆ ಸಿಕ್ಕರೆ ಅವನು ಇವತ್ತೇ ನಮ್ಮ ಜೊತೆ ಕೂತು ಪ್ರಭುವಿನ ರೊಟ್ಟಿ ಮುರಿಯುತ್ತಾನೆ, ನಾನು ಸುಟ್ಟ ರೊಟ್ಟಿ. ಐದು ತಿಂಗಳು ಬಚ್ಚಿಟ್ಟೆ. ಈಗ ತಾನೇ ಹಿರಿಯರು ಒಲೆಯ ಬಳಿ ಬಂದರು, ಅವ್ನು ಉಳಿಯೋ ಹಾಗಿಲ್ಲಮ್ಮ, ಸ್ಪೆಸಿನಾ ಏನಾದ್ರೂ ಹೇಳಿದ್ಲಾ ಅವ್ನ ವಿಷ್ಯ — ಇಲ್ಲಯ್ಯ, ಏನೂ ಹೇಳ್ಲಿಲ್ಲ. ಎಷ್ಟು ಸಲೀಸಾಗಿ ಬಂತು ಮಾತು, ಎಷ್ಟು ಸಿಹಿ, ಅವರು ತಲೆ ತಗ್ಗಿಸಿ ಹೋದರು, ಹೊರಗೇ ಸಾಯಲಿ, ಹೊಸಿಲು ದಾಟದೆ, ತುತ್ತು ರೊಟ್ಟಿ ಕಾಣದೆ ಸಾಯಲಿ, ಚೀಟಿಯನ್ನು ಕೆಂಡಕ್ಕೆ ಹಾಕಿದೆ, ಸುರುಳಿ ಸುತ್ತಿತು, ಕಪ್ಪಾಯಿತು, ಪುಡಿಯಾಗಲಿಲ್ಲ — ಕಪ್ಪಿನ ಮೇಲೆ ಮಸಿ ಹೊಳೆಯುತ್ತಿದೆ, ಅವಳ ಸೊಟ್ಟ ಅಕ್ಷರ, ಇನ್ನೂ ಓದಲು ಬರುತ್ತಿದೆ, ಅವನನ್ನು ಒಳಗೆ ಕರೆಯಿರಿ, ಊದಿದರೆ ಹಾರಿಹೋಗುತ್ತದೆ, ಊದು, ಬಾಯಿ ಒಣಗಿದೆ, ಉಸಿರೇ ಬರುತ್ತಿಲ್ಲ, ಒಳಗೆ ಕರೆಯಿರಿ, ಊದೇ, ಒಳಗೆ ಕರೆಯಿರಿ