ಖಾಲಿ ತೊಟ್ಟಿಯ ಮುಂದೆ ನಗು

ನಮ್ಮ ಪೀರನವಾಡಿ ಮನೆಯ ಪಡಸಾಲೆಗೆ ಸಮುದ್ರವೇ ಬಂದು ಕೂತಿತ್ತು. ಗಾಜಿನ ತೊಟ್ಟಿ, ಉಪ್ಪುನೀರು, ನಾಲ್ಕು ಕಲ್ಲು, ನೀಲಿ ದೀಪ, ಗುರ್ ಎನ್ನುವ ಪಂಪು. ಮೀನು ಮಾತ್ರ ಇರಲಿಲ್ಲ. ಆದರೂ ದಿನಾ ಸಂಜೆ ಕಚೇರಿಯಿಂದ ಬಂದವಳೇ ಕುರ್ಚಿ ಎಳೆದುಕೊಂಡು ಅದರ ಮುಂದೆ ಕೂತು ನಗುತ್ತಿದ್ದೆ. ನನಗೆ ಮೀನು ಆಗಲೇ ಕಾಣುತ್ತಿದ್ದವು!

ಟಿಳಕವಾಡಿಯ ಮೀನಿನ ಅಂಗಡಿಯಲ್ಲಿ ಒಂದು ಜೋಡಿ ಇತ್ತು. ಕಿತ್ತಳೆ ಮೈ, ಬಿಳಿ ಪಟ್ಟಿ, ಮದುವೆಮನೆಯ ಮಕ್ಕಳ ಹಾಗೆ ಸುಮ್ಮಸುಮ್ಮನೆ ಓಡಾಟ. ಹೆಣ್ಣುಮೀನಿನ ಒಂದು ಪಟ್ಟಿ ಅರ್ಧಕ್ಕೇ ನಿಂತಿತ್ತು. ನೋಡಿದ್ದೇ ಮರುಳಾದೆ. ಅಂಗಡಿಯ ಅನಿಕೇತ ಮಾತ್ರ ಜಪ್ಪಯ್ಯ ಅಂದರೂ ಕೊಡಲಿಲ್ಲ.

"ಅಕ್ಕಾರ, ಹೊಸಾ ನೀರಾಗ ಬಿಟ್ರ ಸಾಯ್ತಾವ್ರಿ. ಮೀನಿನ ಹೊಲಸು ತಿನ್ನೂ ಸಣ್ಣ ಜೀವ ಮದಲ ಅದರಾಗ ಬೆಳೀಬೇಕು. ಅವಕ್ಕ ಏನರ ಕೊಳತದ್ದು ಬೇಕು. ಒಂದು ಸಿಗಡಿ ಹಾಕಿ ಬಿಡ್ರಿ. ಮುಂದಿನ ತಿಂಗಳ ಕಡೀ ಭಾನುವಾರ ನೀರ ತರ್ರಿ, ನೋಡತೇನಿ. ಅವತ್ತ ಪಾಸಾಗಲಿಲ್ಲಂದ್ರ ಈ ಜೋಡಿ ಗೋವಾದವ್ರು ಒಯ್ತಾರ."

"ಹಾಕತೇನ್ರಿ" ಎಂದು ಬಂದೆ. ಎಲ್ಲಿಂದ ಹಾಕುವುದು? ನಮ್ಮದು ಲಿಂಗಾಯತರ ಮನೆ. ಮೇಲಾಗಿ ಖಾನಾಪುರದಿಂದ ಅತ್ತೆ ಶಿವಬಸವ್ವ ಬಂದಿದ್ದರು. ಅವರ ಲಿಂಗಪೂಜೆ ನಡೆಯುವುದು ಅದೇ ಪಡಸಾಲೆಯಲ್ಲಿ. ಬಾಜೂಕ್ಕೆ ಸಿಗಡಿ ಕೊಳೆಯುತ್ತಿದ್ದರೆ ತೊಟ್ಟಿಯ ಜೊತೆ ನನ್ನನ್ನೂ ಓಣಿಗೆ ಇಡುತ್ತಿದ್ದರು. ಹೀಗಾಗಿ ನಾನು ಏನನ್ನೂ ಹಾಕಲಿಲ್ಲ, ಬರೀ ಆಸೆ ಪಟ್ಟೆ.

ಅತ್ತೆಯೂ ಗಾಜಿಗೆ ಮೂಗು ಹಚ್ಚಿ ನೋಡುತ್ತಿದ್ದರು. "ಹ್ಯಾಂಗ ಅದಾವು, ಪದ್ದವ್ವಾ?"

"ಭಾಳ ಚಂದ ಅದಾವ್ರಿ ಅತ್ತಿ. ಹೆಣ್ಣಿಂದು ಪಟ್ಟಿ ಅರ್ಧಾನ ಐತಿ ನೋಡ್ರಿ" ಎಂದು ಅಂಗಡಿಯ ಜೋಡಿಯನ್ನೇ ನೆನೆದು ಹೇಳುತ್ತಿದ್ದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಬಗ್ಗಿ ನೋಡುತ್ತಿದ್ದರು. ನಡುವೆ ನೀರು ಮಬ್ಬಾಗಿ, ತಾನೇ ತಿಳಿಯಾಯಿತು. ಉಪ್ಪಿನ ಆಟವಿರಬೇಕು ಎಂದುಕೊಂಡೆ.

ಆ ಭಾನುವಾರ ಬಾಟಲಿಯಲ್ಲಿ ನೀರು ಹಿಡಿದು ಹೊರಟೆ. ಗೋವಾದವರ ಕಾರು ಅಂಗಡಿಯ ಮುಂದೆಯೇ ನಿಂತಿತ್ತು. ಅನಿಕೇತ ಸಣ್ಣ ಗಾಜಿನ ಕೊಳವೆಗಳಿಗೆ ನೀರು ತುಂಬಿ, ಔಷಧದ ಹನಿ ಬಿಟ್ಟು ಅಲ್ಲಾಡಿಸಿದ.

"ಸಿಗಡಿ ಹಾಕಿದ್ರಿ?"

ಹೂಂ ಅನ್ನಬೇಕೆಂದೇ ಬಂದಿದ್ದೆ. ಆ ಅರ್ಧ ಪಟ್ಟಿಯವಳು ನನ್ನ ಕಡೆಯೇ ನೋಡುತ್ತಿದ್ದಳು. "ಇಲ್ರೀ. ಏನೂ ಹಾಕಿಲ್ಲ. ಸಾಯೂದು ಬ್ಯಾಡ, ಅವರಿಗೇ ಕೊಟ್ಟಬಿಡ್ರಿ" ಎಂದೆ. ಅಳು ಬಂದೇ ಬಿಟ್ಟಿತು.

"ಏನ ಚ್ಯಾಷ್ಟಿ ಮಾಡ್ತೀರಿ ಅಕ್ಕಾರ!" ಅನಿಕೇತ ಕೊಳವೆಗಳನ್ನು ಬೆಳಕಿಗೆ ಹಿಡಿದ. "ಇದು ಹಳದಿ, ಅಂದ್ರ ವಿಷ ಇಲ್ಲ. ಇದು ನೋಡ್ರಿ, ಕೆಂಪ ಆಗೇತಿ. ಸಣ್ಣ ಜೀವ ಹೊಟ್ಟಿ ತುಂಬ ಉಂಡಾವು. ನೀವಲ್ಲಂದ್ರ ಮತ್ಯಾರೋ ಹಾಕ್ಯಾರ. ತಗೋರಿ ನಿಮ್ಮ ಜೋಡಿ!"

ಯಾರು ಹಾಕಿದರು ಎಂದು ಯೋಚಿಸುವಷ್ಟು ಬುದ್ಧಿ ಆಗ ನನ್ನಲ್ಲಿ ಉಳಿದಿರಲಿಲ್ಲ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ರಿಕ್ಷಾದಲ್ಲಿ ಹಾಡುತ್ತ ಬಂದೆ. ರಿಕ್ಷಾದವನೂ ಮರಾಠಿಯಲ್ಲಿ ದನಿಗೂಡಿಸಿದ.

ಮೀನುಗಳನ್ನು ತೊಟ್ಟಿಗೆ ಬಿಟ್ಟು ಸ್ವಲ್ಪ ಹೊತ್ತಾಗಿತ್ತು. ಪೂಜೆ, ಊಟ ಮುಗಿಸಿದ ಅತ್ತೆ ಕುದಿಸಿದ ಹೆಸರುಕಾಳಿನ ಬಟ್ಟಲು ಹಿಡಿದು ಬಂದರು. ನಾಲ್ಕು ಕಾಳು ಹಿಸುಕಿ ತೊಟ್ಟಿಗೆ ಹಾಕಲು ಕೈ ಎತ್ತಿದವರು ಹಾಗೆಯೇ ನಿಂತರು.

"ಕಂಡವು!" ಬಟ್ಟಲು ಠಣ್ ಎಂದು ಬಿತ್ತು. "ಪದ್ದವ್ವಾ, ಕಂಡವು! ಪಟ್ಟಿ ಅರ್ಧಾನ ಐತಿ, ಖರೇ!"

"ಅತ್ತಿ, ದಿನಾ ಹಾಕತಿದ್ರೇನು?"

"ಹಾಕದ? ಮನ್ಯಾಗಿನ ಜೀವ ಉಪಾಸ ಇಟ್ಟು ನಾ ಹ್ಯಾಂಗ ಉಣ್ಣಲಿ? ನೀ ನೋಡಿ ನಗತಿದ್ದಿ, ನನಗ ಒಂದೂ ಕಾಣತಿದ್ದಿಲ್ಲ. ಕಣ್ಣ ಹ್ವಾದವು ಅಂತ ಅಂಜಿ ಯಾರಿಗೂ ಹೇಳಿದ್ದಿಲ್ಲ, ಯವ್ವಾ."

ಓಡಿಹೋಗಿ ತಬ್ಬಿಕೊಂಡೆ. "ನಿಮ್ಮ ಕಣ್ಣ ಛಲೋ ಅದಾವ್ರಿ ಅತ್ತಿ. ಇವತ್ತಿನ ತನಕ ತೊಟ್ಟಿ ಖಾಲಿನ ಇತ್ತು."

ಅತ್ತೆ ನನ್ನನ್ನು ನೋಡಿದರು, ತೊಟ್ಟಿಯನ್ನು ನೋಡಿದರು, ಮತ್ತೆ ನನ್ನನ್ನೇ ನೋಡಿದರು.

"ಹಂಗಾರ ಒಂದ ತಿಂಗಳಿಂದ ನೀ ಏನ ನೋಡಿ ನಗತಿದ್ದಿ? ನಡಿ, ಮದಲ ನಿನ್ನ ಕಣ್ಣ ತೋರಿಸಿಕೊಂಡ ಬರೂಣು."