ಫೋನಿನೊಳಗಿನ ಕೂಸು

ದೊಡ್ಡಮಳೂರಿನಿಂದ ಬಂದ ಮುದುಕಿ, ಹೆಣಕ್ಕೆ ಹೂವು ಹಾಕುವ ಮೊದಲೇ, ಲತಾಮಣಿಯ ಸೊಂಟದ ಮೇಲಿದ್ದ ಮಗುವಿನ ಕಾಲು ಹಿಡಿದು ಹಿಸುಕಿದಳು. ಬೆಚ್ಚಗಿತ್ತು. ಮುದುಕಿ ಸರಕ್ಕನೆ ಕೈ ಹಿಂದಕ್ಕೆಳೆದುಕೊಂಡಳು.

"ಇದೇ ಕೂಸಲ್ವಾ, ಸೂಜಿ ಹಾಕುಸ್ಕಂಡು ಹೋಗ್ಬುಟ್ಟಿದ್ದು?"

"ಎಲ್ಲೂ ಹೋಗಿಲ್ಲ ಕಣಜ್ಜಿ, ಇಲ್ಲೇ ಐತೆ ನೋಡಿ," ಎಂದಳು ಲತಾಮಣಿ. ಬೆಳಗಿನಿಂದ ಇದನ್ನೇ ಹೇಳಿ ಹೇಳಿ ಅವಳ ನಾಲಿಗೆ ಸೋತಿತ್ತು. ಹೊಂಗನೂರಿನ ಆ ಅಂಗಳದಲ್ಲಿ ಅತ್ತೆ ಕಾವೇರಮ್ಮ ಚಟ್ಟದ ಮೇಲೆ ಮಲಗಿದ್ದರೆ, ಬಂದವರೆಲ್ಲ ಅವಳಿಗಿಂತ ಹೆಚ್ಚಾಗಿ ಮಗುವನ್ನೇ ನೋಡುತ್ತಿದ್ದರು. ಒಬ್ಬಳಂತೂ ಮಗುವಿನ ನೆರಳು ನೆಲದ ಮೇಲೆ ಬಿದ್ದಿದೆಯೇ ಎಂದು ಬಗ್ಗಿ ನೋಡಿದಳು. ಈ ಜನಕ್ಕೆ ಏನು ಬಂದಿತ್ತೋ ರೋಗ!

*

ಹಿಂದಿನ ಸಲ ಲಸಿಕೆಯ ಸೂಜಿ ಹಾಕಿಸಿದ ರಾತ್ರಿ ಮಗುವಿಗೆ ಮೈ ಸುಟ್ಟಿತ್ತು, ತೊಡೆ ಊದಿತ್ತು. ಹೀಗಾಗುವುದುಂಟು ಎಂದು ನರ್ಸಮ್ಮ ಮೊದಲೇ ಹೇಳಿದ್ದರೂ ಕಾವೇರಮ್ಮನಿಗೆ ಜೀವ ಬಾಯಿಗೆ ಬಂದಿತ್ತು. ಹೆಂಗಸರ ಸಂಘದ ವಾಟ್ಸಾಪ್ ಗುಂಪಿಗೆ ಅಳುತ್ತಲೇ ಮಾತಾಡಿ ಕಳಿಸಿದಳು: "ಕೇಳ್ರವ್ವ, ಯಾರೂ ಮಕ್ಳಿಗೆ ಸೂಜಿ ಹಾಕುಸ್ಬ್ಯಾಡಿ. ನನ್ನ ಕೂಸು ಕೈ ಬುಟ್ಟೋಯ್ತಾ ಐತೆ." ಹಿಂದೆ ಮಗು ಕಿರುಚುತ್ತಿತ್ತು.

ಬೆಳಗಾಗುವಷ್ಟರಲ್ಲಿ ಜ್ವರ ಇಳಿಯಿತು. ತನ್ನ ಹೆದರಿಕೆಗೆ ತಾನೇ ನಕ್ಕು, ಕೂಸು ಚೆನ್ನಾಗಿದೆ, ಸೂಜಿಯದೇನೂ ತಪ್ಪಿಲ್ಲ ಎಂದು ಮತ್ತೊಮ್ಮೆ ಮಾತಾಡಿ ಕಳಿಸಿದಳು. ಅದನ್ನು ಯಾರು ಕೇಳಬೇಕು? ಮೊದಲನೆಯದು ಆಗಲೇ ಕಬ್ಬಾಳು, ಕನಕಪುರ, ಮಾಗಡಿ ದಾಟಿತ್ತು. ಯಾವನೋ ಪುಣ್ಯಾತ್ಮ ಅದಕ್ಕೆ ಅಳುವ ಸಂಗೀತ ಸೇರಿಸಿ, ಮಗು ಸತ್ತೇಹೋಯಿತೆಂದು ಬರೆದು, ದೀಪದ ಚಿತ್ರ ಅಂಟಿಸಿದ್ದ. ಸಂತೆಯಲ್ಲಿ, ಬಸ್ಸಿನಲ್ಲಿ, ರೇಷ್ಮೆಗೂಡು ಮಾರುವ ಮಾರ್ಕೆಟ್ಟಿನಲ್ಲಿ ಯಾರದೋ ಜೇಬಿನಿಂದ ತನ್ನದೇ ದನಿ ಕೇಳಿದಾಗಲೆಲ್ಲ ಕಾವೇರಮ್ಮ ಬೆಚ್ಚುತ್ತಿದ್ದಳು.

ಹಿರಿಮಗಳನ್ನು ದಡಾರಕ್ಕೆ ಕಳೆದುಕೊಂಡವಳು ಅವಳು. "ಗುರ್ವಾರ ದಡಾರದ ಸೂಜಿ ಐತಲ್ಲ ಲತಾ, ಕೂಸ್ನ ನಾನೇ ತೊಡೆ ಮ್ಯಾಲೆ ಕೂರುಸ್ಕತೀನಿ. ಊರೋರೆಲ್ಲ ನೋಡ್ಲಿ," ಅಂದಿದ್ದಳು. ಬುಧವಾರ ಬೆಳಿಗ್ಗೆ ಹುಳಕ್ಕೆ ಸೊಪ್ಪು ಹಾಕಿ ಎದೆ ಹಿಡಿದುಕೊಂಡು ಕೂತವಳು ಮತ್ತೆ ಏಳಲಿಲ್ಲ.

*

ಇವತ್ತು ಗುರುವಾರ. ಹೆಣ ಎತ್ತುವ ಮುಂಚೆ ಗಂಡ ಅನಂತರಾಜು ಲತಾಮಣಿಯನ್ನು ಪಕ್ಕಕ್ಕೆ ಕರೆದು ಸೂಜಿ ಬೇಡವೆಂದ. ಅತ್ತೆ ಕೊಟ್ಟ ಮಾತನ್ನು ಅವಳು ನೆನಪಿಸಿದಳು. ಅವನು ಜೇಬಿನ ಫೋನು ಮುಟ್ಟಿಕೊಂಡ.

"ಅವ್ವ ಇದ್ರಲ್ಲಿ ಬ್ಯಾಡ ಅಂತಾವ್ಳೆ. ಅವಳ್ದು ಅಂತ ಇನ್ನ ಉಳ್ದಿರೋದು ಈ ದನಿ ಒಂದೇ ಕಣೆ."

ಅವನ ಮುಖ ನೋಡಿ ಲತಾಮಣಿಗೆ ಅಯ್ಯೋ ಅನ್ನಿಸಿತು. ಭಯವೂ ಆಯಿತು. ಅತ್ತೆ ಇದ್ದಿದ್ದರೆ ಮಗನ ಕಿವಿ ಹಿಂಡುತ್ತಿದ್ದಳು.

ತಮಟೆಯ ಸದ್ದು ತೋಟದ ಕಡೆ ಹೋಯಿತು, ಗಂಡಸರೆಲ್ಲ ಅದರ ಹಿಂದೆ ಹೋದರು. ಉಳಿದ ಹೆಂಗಸರು ಮನೆ ತೊಳೆಯುತ್ತಿದ್ದಾಗ ಲತಾಮಣಿ ಮಗುವನ್ನೆತ್ತಿಕೊಂಡು ಹಿತ್ತಿಲ ಬಾಗಿಲಿನಿಂದ ಹೊರಟಳು. ಬೀದಿಯಲ್ಲಿ ಅವಳನ್ನು ಕಂಡ ತಾಯಂದಿರು ತಮ್ಮ ಮಕ್ಕಳನ್ನು ಒಳಗೆಳೆದುಕೊಂಡು ಬಾಗಿಲು ಮುಂದೆ ಮಾಡಿದರು. ಅಂಗನವಾಡಿಯಲ್ಲಿ ನರ್ಸಮ್ಮ ಒಬ್ಬಳೇ ಕೂತಿದ್ದಳು.

ಸೂಜಿ ಇಳಿಯಿತು. ಮಗು ಊರಿಗೆ ಕೇಳುವ ಹಾಗೆ ಅತ್ತಿತು. ಪಕ್ಕದ ಮನೆಯ ನವ್ಯಶ್ರೀ ಲತಾಮಣಿಯ ಹಿಂದೆಯೇ ಓಡಿಬಂದು, ಹೊಸ್ತಿಲ ಆಚೆಯೇ ನಿಂತು ಫೋನು ಮುಂದೆ ಹಿಡಿದಳು.

"ನಿಮ್ಮತ್ತೆ ಮಾತ್ನಾದ್ರೂ ಕೇಳಕ್ಕ."

"ಕೇಳ್ರವ್ವ..." ಎಂದಳು ಕಾವೇರಮ್ಮ.

ಮಗು ಅಳು ನಿಲ್ಲಿಸಿತು. ಅಜ್ಜಿಯ ದನಿ ಬಂದ ಕಡೆ ತಿರುಗಿ, ಎತ್ತಿಕೋ ಎಂದು ಎರಡೂ ಕೈ ಚಾಚಿ ನಕ್ಕಿತು. ಫೋನಿನೊಳಗಿನ ಮಗು ಅಳುತ್ತಲೇ ಇತ್ತು.