ಚಹಾ ತಂದವಳು

ಮಗಳು ಜರ್ಮನಿಗೆ ಹೋಗಿ ವಾರವಾಗಿತ್ತು. ಕಮಲಾಬಾಯಿಗೆ ಅವಳ ದನಿ ಮಾತ್ರ ದಕ್ಕಿತ್ತು, ಮುಖ ದಕ್ಕಿರಲಿಲ್ಲ. ಕಾಲೇಜಿನವರೇ ಖರ್ಚು ಹಾಕಿ ಆರು ತಿಂಗಳ ಓದಿಗೆಂದು ಕಳಿಸಿದ್ದರು. ಅಲ್ಲಿ ಒಬ್ಬ ಮುದುಕಿಯ ಮನೆಯಲ್ಲಿ ವಾಸ. ವಿಡಿಯೋ ಕಾಲ್ ಮಾಡು ಎಂದಾಗಲೆಲ್ಲ ಮಹಾಲಕ್ಷ್ಮಿಯದು ಒಂದೇ ರಾಗ: "ಅವ್ವಾ, ನಿಮ್ಮ ಸೈಟಿನ್ಯಾಗ ನೆಟ್‌ವರ್ಕ್ ಬರಾಂಗಿಲ್ಲ. ಹಿಂಗ ಮಾತಾಡೂಣು."

ನಾಶಿಕದ ಹೊರವಲಯದಲ್ಲಿ ಏಳುತ್ತಿದ್ದ ದೊಡ್ಡ ಕಟ್ಟಡದ ಬುಡಕ್ಕೆ, ಅಲ್ಲೇ ಕೂಲಿಗಿದ್ದ ಗಂಡಹೆಂಡಿರ ತಗಡಿನ ಶೆಡ್ಡು. ಪಕ್ಕದ ಶೆಡ್ಡಿನ ಮಹಿಬೂಬ ಸಂಜೆಯಾದರೆ ಸಾಕು, ಫೋನು ಹಿಡಿದು ರೀಲ್ಸ್ ನೋಡುತ್ತ ಒಬ್ಬನೇ ನಗುತ್ತಿದ್ದ. ಅವನಿಗೆ ಬರುವ ನೆಟ್‌ವರ್ಕು ತನಗೇಕೆ ಮುನಿಸಿಕೊಂಡಿದೆ ಎಂದು ಕಮಲಾಬಾಯಿ ಯೋಚಿಸಲು ಹೋಗಲಿಲ್ಲ. ಓದಿದ ಮಗಳು ಹೇಳಿದ ಮೇಲೆ ಮುಗಿಯಿತು.

ಆದರೆ ಸುಮಂಗಲಾಬಾಯಿಯವರ ಮನೆಯಲ್ಲಿ ವೈಫೈ ಇದೆಯಲ್ಲ! ಛತ್ರಪತಿ ಸಂಭಾಜಿನಗರದಲ್ಲಿ ಓದುವಾಗ ಮಹಾಲಕ್ಷ್ಮಿ ಇದ್ದದ್ದು ಅವರ ಮನೆಯ ಮೇಲಿನ ಕೋಣೆಯಲ್ಲೇ. ಬೀದರ ಕಡೆಯವರು, ಗಂಡ ವೈಜನಾಥ ಬ್ಯಾಂಕಿನಲ್ಲಿ ಕೆಲಸಕ್ಕಿದ್ದರು. ಕನ್ನಡದ ಹುಡುಗಿ ಎಂದು ಪ್ರೀತಿಯಿಂದ ಇಟ್ಟುಕೊಂಡಿದ್ದರು. ಕಮಲಾಬಾಯಿ ಶೇಂಗಾ ಹಿಂಡಿ ಕುಟ್ಟಿದಳು, ಕಟಕ ರೊಟ್ಟಿ ಬಡಿದಳು. ರವಿವಾರ ನಸುಕಿಗೇ ಚೀಲ ಹಿಡಿದು ಹೊರಟಳು.

"ಮಗಳಿಗೆ ಒಂದ್ ಮಾತ ಹೇಳಿ ಹೋಗ" ಎಂದ ಗಂಡ ಚಂದ್ರಾಮಪ್ಪ.

"ಹೇಳಿದ್ರ ಬ್ಯಾಡ ಅಂತಾಳ."

ಯಾಕೆ ಬೇಡ ಎನ್ನುತ್ತಾಳೆ ಎಂಬ ಮಾತು ಏಳುವ ಮೊದಲೇ ಅವಳು ಚಪ್ಪಲಿ ಮೆಟ್ಟಿದ್ದಳು.

ಬಾಗಿಲು ತೆರೆದ ಸುಮಂಗಲಾಬಾಯಿ ರೇಷ್ಮೆ ಸೀರೆ ಉಟ್ಟಿದ್ದರು. ಮುಖದಲ್ಲಿ ನಗು ಬರುವುದಕ್ಕೆ ತುಸು ಹೊತ್ತು ಹಿಡಿಯಿತು. "ಅಯ್ಯ, ಕಮಲಾಬಾಯಿ! ಒಂದ್ ಫೋನ್ ಮಾಡಿ ಬರಬಾರದಾಗಿತ್ತೇನ್ರಿ?" ಸೋಫಾಕ್ಕೆ ಹೊಸ ಹೊದಿಕೆ, ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿದ ಫೋನು. ಯಾರೋ ನೆಂಟರು ಬರುವವರಿದ್ದಾರೆ ಎಂದುಕೊಂಡಳು ಕಮಲಾಬಾಯಿ.

"ಒಂದ್ ಹತ್ತ ನಿಮಿಷ ಒಳಗ ಕುಂದರ್ರಿ. ಹೊರಗ ಬರಬ್ಯಾಡ್ರಿ, ನಾ ಆಮ್ಯಾಲ ಎಲ್ಲಾ ಹೇಳ್ತೀನಿ" ಎಂದು ಸುಮಂಗಲಾಬಾಯಿ ಅವಳನ್ನು ಅಡಿಗೆಮನೆಗೆ ದಾಟಿಸಿದರು. ಒಲೆಯ ಮೇಲೆ ಚಹಾ ಕುದಿಯುತ್ತಿತ್ತು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಆಮೇಲೆ ಮಗಳ ದನಿ.

"ಅಮ್ಮಾ, ಹೇಗಿದ್ದೀ?"

ಕಮಲಾಬಾಯಿ ಎದ್ದು ನಿಂತಳು. ಹುಟ್ಟಿದಾಗಿನಿಂದ ಈ ಹುಡುಗಿ ಅಮ್ಮಾ ಎಂದದ್ದಿಲ್ಲ, ಅವ್ವ ಎಂದೇ ಕರೆದದ್ದು. ನಡುವೆ ಇಂಗ್ಲಿಷಿನಲ್ಲಿ ಯಾವುದೋ ಮುದುಕಿಯ ಮಾತು, ನಗು. ಸುಮಂಗಲಾಬಾಯಿ "ಹೂಂ, ಹೂಂ" ಎನ್ನುತ್ತ ತಡವರಿಸುತ್ತಿದ್ದರು. ಬಾಗಿಲ ಪರದೆ ಸರಿಸಿ ನೋಡಿದಾಗ ಎಲ್ಲವೂ ತಿಳಿದುಹೋಯಿತು. ಆ ರೇಷ್ಮೆ ಸೀರೆ, ಆ ಸೋಫಾ, ಎಲ್ಲ ಅವ್ವನಾದ ತನ್ನ ಜಾಗಕ್ಕೆ ಬಂದು ಕೂತಿದ್ದವು.

ಬಂದ ದಾರಿ ಹಿಡಿದು ಹೋಗಿಬಿಡಬಹುದಿತ್ತು. ಆದರೆ ಅಷ್ಟು ದೂರದಿಂದ ಬಂದದ್ದು ಮುಖ ನೋಡಲು, ಮುಖ ಇನ್ನೂ ನೋಡಿರಲಿಲ್ಲ. ಅವ್ವ ಎಂದು ಹೋದರೆ ಮಗಳ ಮಾನ ಹೋಗುತ್ತದೆ. ಬರಿಗೈಯಲ್ಲಿ ಹೋದರೆ ಇವಳ್ಯಾರು ಎಂಬ ಪ್ರಶ್ನೆ ಏಳುತ್ತದೆ. ಚಹಾ ಸೋಸಿದಳು, ಕಪ್ಪನ್ನು ಟ್ರೇಯಲ್ಲಿಟ್ಟಳು, ತಲೆಯ ಮೇಲೆ ಸೆರಗು ಎಳೆದುಕೊಂಡಳು. ನಡೆದಳು.

ಮಗಳು ಕೆಂಪು ಸ್ವೆಟರ್ ಹಾಕಿಕೊಂಡಿದ್ದಳು. ಕೂದಲು ಕತ್ತರಿಸಿಕೊಂಡಿದ್ದಳು. ಒಂದು ವಾರಕ್ಕೇ ಗಲ್ಲ ಒಳಗೆ ಹೋಗಿದ್ದವು. ಸರಿಯಾಗಿ ಉಣ್ಣುತ್ತಿಲ್ಲ, ಮತ್ತೇನು! ತಾಯಿಯನ್ನು ಕಂಡದ್ದೇ ಅವಳ ಮಾತು ನಿಂತಿತು.

ಪಕ್ಕದಲ್ಲಿದ್ದ ಬಿಳಿ ಕೂದಲಿನ ಮುದುಕಿ ಬೆರಳು ಮಾಡಿ ಏನೋ ಕೇಳಿದಳು. ಯಾರು ಎಂದು ಕೇಳಿರಬೇಕು. ತಪ್ಪಿಸಿಕೊಳ್ಳುವ ದಾರಿಯನ್ನು ಟ್ರೇಯ ಜೊತೆಗೇ ಹಿಡಿದು ತಂದವಳು ಕಮಲಾಬಾಯಿಯೇ. ಆದರೂ ಮಗಳು ಆ ದಾರಿ ಹಿಡಿಯುವುದಿಲ್ಲ, ಈಗ ಅವ್ವ ಎಂದೇ ಅನ್ನುತ್ತಾಳೆ ಎಂದು ಅವಳ ಜೀವ ಬಾಯಿಗೆ ಬಂದು ಕೂತಿತ್ತು.

ಮಹಾಲಕ್ಷ್ಮಿ ಇಂಗ್ಲಿಷಿನಲ್ಲಿ ಚುಟುಕಾಗಿ ಏನೋ ಹೇಳಿದಳು. ಸುಮಂಗಲಾಬಾಯಿ ತಲೆ ತಗ್ಗಿಸಿದರು. ಆಮೇಲೆ ಹುಡುಗಿ ಇತ್ತ ತಿರುಗಿ, ಈ ಊರಿನಲ್ಲಿ ಮನೆಗೆಲಸದವರನ್ನು ಕರೆಯುವ ಹಾಗೆಯೇ ಕರೆದಳು. "ಮೌಶೀ, ಚಹಾ ಅಲ್ಲೇ ಇಡ್ರಿ."

ಮುದುಕಿ ಮಾತ್ರ ಎರಡೂ ಕೈ ಜೋಡಿಸಿ, ಕಲಿತದ್ದನ್ನು ಒಪ್ಪಿಸುವವಳಂತೆ, "ನಮಸ್ತೇ" ಎಂದಳು. ಪುಣ್ಯಾತ್ಗಿತ್ತಿ! ತಗಡಿನ ಶೆಡ್ಡು ತೋರಿಸಿದ್ದರೂ ಹೀಗೇ ಕೈ ಮುಗಿಯುತ್ತಿದ್ದಳೇನೋ. ಕಮಲಾಬಾಯಿ ತಿರುಗಿ ಕೈ ಮುಗಿದು, ಟ್ರೇ ಇಟ್ಟು ಒಳಗೆ ಹೋದಳು.

ಫೋನು ಮುಗಿದ ಮೇಲೆ ಸುಮಂಗಲಾಬಾಯಿ ಟ್ರೇ ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತರು. "ಇಕಿ ಹೋದ ದಿನಾನೇ ಆ ಮುದುಕಿ ನಿಮ್ಮ ಮನಿ ತೋರಸು, ನಿಮ್ಮ ತಾಯಿನ್ನ ತೋರಸು ಅಂದಳಂತ. ಹುಡುಗಿ ಅಳಾಕ ಹತ್ತಿದಳ್ರಿ. ಒಂದ್ ಸಲ ಅಂತ ನಾ ಹೂಂ ಅಂದೆ."

"ಇವತ್ತ ಒಂದ ಸಲಾನ?"

ಸುಮಂಗಲಾಬಾಯಿ ಮುಖ ತಿರುಗಿಸಿ ಟ್ರೇಯನ್ನು ಕಟ್ಟೆಯ ಮೇಲಿಟ್ಟರು. ಕಮಲಾಬಾಯಿ ಕಪ್ಪು ತೊಳೆಯತೊಡಗಿದಳು.

"ಬಿಡ್ರಿ, ಬಿಡ್ರಿ, ನೀವ್ಯಾಕ..."

"ಇರ್ಲಿ ಬಾಯಾರ. ಮೌಶಿ ಅಂದ ಮ್ಯಾಲ ಇಷ್ಟರೆ ಮಾಡಬೇಕಲ್ರಿ." ಅಂದಳು, ಅಂದ ಮೇಲೆ ಕಣ್ಣು ತುಂಬಿ ಬಂತು, ಒರೆಸಲು ಕೈ ಒಣಗಿರಲಿಲ್ಲ. ರೊಟ್ಟಿ, ಹಿಂಡಿ ಕಟ್ಟೆಯ ಮೇಲಿಟ್ಟು, ಊಟಕ್ಕೆ ಎಷ್ಟು ಕರೆದರೂ ನಿಲ್ಲದೆ ಹೊರಟಳು.

ಬಸ್ಸು ಯೇವಲಾ ದಾಟುವಾಗ ಫೋನು ಬಂತು. ಅದೂ ವಿಡಿಯೋ ಕಾಲ್, ಇಷ್ಟು ದಿನಕ್ಕೆ ಮೊದಲ ಸಲ. ಎತ್ತಿದರೆ ಅದೇ ಕೆಂಪು ಸ್ವೆಟರು, ಅತ್ತು ಊದಿದ ಮುಖ, ಒಂದು ಗೆರೆಯೂ ಮಸುಕಿಲ್ಲದೆ ಕಾಣುತ್ತಿತ್ತು.

"ಅವ್ವಾ! ಅವ್ವಾ, ನಾ ಹೇಳೂದ ಕೇಳಸಾಕತ್ತದೇನ?"

ಕಮಲಾಬಾಯಿ ಆ ಮುಖವನ್ನು ಕಣ್ತುಂಬ ನೋಡಿದಳು.

"ಇಲ್ಲವ್ವ" ಎಂದಳು. "ಇಲ್ಲಿ ನೆಟ್‌ವರ್ಕ್ ಬರಾಂಗಿಲ್ಲ."

ಫೋನು ಆರಿಸಿ ಖಾಲಿ ಚೀಲದೊಳಗೆ ಹಾಕಿದಳು.